ಕೊಡೆ ಹಿಡಿದ ಕಪ್ಪೆಗೊಂದು ಡಬ್ಬಿ

ಇವತ್ತಾದರೂ ಹೇಳಬೇಕು. ಹೇಳದೆ ಎದ್ದು ಬಂದುಬಿಟ್ಟರೆ?

ಡೈರಿಯಲ್ಲಿ ಇಷ್ಟು ಬರೆದು ಲಹರಿ ಪೆನ್ನಿನ ಮುಚ್ಚಳ ಹಾಕುತ್ತಾಳೆ. ಎಂಟು ದಿನದಿಂದ ಇದೇ ಎರಡು ಸಾಲು, ತಾರೀಖು ಮಾತ್ರ ಬೇರೆ.

ಬೆಳಗಿನ ಐದೂಮುಕ್ಕಾಲು. ಸರಸ್ವತಿಪುರಂನ ಮಹಡಿ ಕೋಣೆಯ ಕೆಳಗೆ ಟ್ಯುಟೋರಿಯಲ್ ಇನ್ನೂ ಬಾಗಿಲು ತೆಗೆದಿಲ್ಲ. ಮೇಜಿನ ಮೇಲೆ ಬಣ್ಣದ ಚಿತ್ರ ಅಚ್ಚಾದ ದಪ್ಪ ಹಾಳೆ. ಉಕ್ಕಿನ ಸ್ಕೇಲು ಒತ್ತಿ ಹಿಡಿದು, ಇಂಕು ತೀರಿದ ಬಾಲ್‌ಪೆನ್ನಿನ ಮೊನೆಯಿಂದ ಅವಳು ಮಡಿಕೆಯ ಗೆರೆ ಎಳೆಯುತ್ತಾಳೆ. ಕೈ ತುಸು ಬಿಗಿಯಾದರೆ ಬಣ್ಣ ಬಿರಿಯುತ್ತದೆ, ಸಡಿಲವಾದರೆ ಮೂಲೆ ಉಬ್ಬುತ್ತದೆ. ಉಸಿರು ಬಿಗಿಹಿಡಿದು ಮಡಿಸಿ, ಅಂಚಿಗೆ ಗೋಂದು ಸವರಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಾಳೆ. ಹಾಳೆಯಾಗಿದ್ದದ್ದು ಡಬ್ಬಿಯಾಗಿ ನಿಲ್ಲುತ್ತದೆ.

ಮೂವತ್ತು ವರ್ಷದ ಹಿಂದೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್ ಕ್ಯಾಸೆಟ್ಟುಗಳನ್ನು ಕೆಲವರು ಈಗಲೂ ಜೋಪಾನ ಮಾಡಿಟ್ಟಿದ್ದಾರೆ. ಕ್ಯಾಸೆಟ್ಟು ಉಳಿದಿದೆ, ಅದರ ರಟ್ಟಿನ ಡಬ್ಬಿ ಎಂದೋ ಕಸದ ಪಾಲಾಗಿದೆ. ಆ ಡಬ್ಬಿಯನ್ನು ಮತ್ತೆ ಬರೆದು ಕಟ್ಟಿಕೊಡುವುದು ಲಹರಿಯ ಕೆಲಸ. ಒಂದಕ್ಕೆ ಹನ್ನೆರಡು ಗಂಟೆ ಹಿಡಿಯುತ್ತದೆ. ನಾಲ್ಕು ವರ್ಷದಲ್ಲಿ ಮುನ್ನೂರ ಹದಿನೆಂಟು ಡಬ್ಬಿ ಊರೂರಿಗೆ ಹೋಗಿವೆ. ಗಿರಾಕಿಗಳು ಕಳಿಸುವುದು ಹರಿದ ಡಬ್ಬಿಯ ಮಸುಕು ಫೋಟೋ. ಒಂದು ಮೂಲೆಗೆ ಯಾರದೋ ಹೆಬ್ಬೆರಳು ಅಡ್ಡ.

“ಹರಿದುಹೋದ ಜಾಗದಲ್ಲಿ ಏನಿತ್ತು ಅಂತ ಯಾರಿಗೂ ನೆನಪಿರಲ್ಲ. ಬಣ್ಣ ಮಾತ್ರ ನೆನಪಿರತ್ತೆ. ನಾನು ಅಲ್ಲಿಂದ ಶುರು ಮಾಡ್ತೀನಿ,” ಎನ್ನುತ್ತಾಳೆ, ಹಾಳೆಯಿಂದ ಕಣ್ಣೆತ್ತದೆ.

ಚಿತ್ರಕಲೆಯಲ್ಲಿ ಪದವಿ ಮುಗಿಸಿ ಒಂದು ಜಾಹೀರಾತು ಕಚೇರಿಗೆ ಸೇರಿದ್ದಳು. ಹತ್ತು ಜನರ ಮುಂದೆ ನಿಂತು ತನ್ನ ಚಿತ್ರವನ್ನು ತಾನೇ ಹೊಗಳಬೇಕಿತ್ತು. ಮೂರು ತಿಂಗಳಿಗೆ ಬಿಟ್ಟಳು. ಮಗಳೇನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅಮ್ಮ ಕಮಲ “ಏನೋ ಡಿಸೈನಿಂಗು” ಎಂದು ಕಾಫಿಗೆ ಏಳುತ್ತಾರೆ. ಗಿರಾಕಿಗಳ ಮುಖ ಇವಳು ಕಂಡಿಲ್ಲ, ಇವಳ ದನಿ ಅವರು ಕೇಳಿಲ್ಲ. ಡೈರಿಯ ಕೆಳತುದಿಯಲ್ಲಿ ದಿನವೂ ಒಂದು ಲೆಕ್ಕವಿರುತ್ತದೆ: ಇವತ್ತು ಆಡಿದ ಮಾತು ಒಂಬತ್ತು. ಕೆಲವು ದಿನ ನಾಲ್ಕು.

ವಾರಕ್ಕೆರಡು ಸಲ ಬನ್ನಿಮಂಟಪದ ಪ್ರೆಸ್ಸಿಗೆ ಹೋದಾಗ ಈ ಲೆಕ್ಕ ಸ್ವಲ್ಪ ಏರುತ್ತದೆ. ಮದುವೆ ಪತ್ರಿಕೆಗಳ ಕೆಲಸ ಶುರುವಾಗುವ ಮೊದಲು ಪ್ರೆಸ್ಸಿನ ದಿಲೀಪ್ ಇವಳ ಹಾಳೆ ಅಚ್ಚು ಹಾಕಿಕೊಡುತ್ತಾನೆ. ಕೆಂಪು ಜಾಸ್ತಿಯಾಗಿದ್ದರೆ ಇವಳು ಬರೀ ಬೆರಳಿಟ್ಟು ತೋರಿಸುತ್ತಾಳೆ. “ಬಾಯಿಬುಟ್ಟು ಹೇಳು ಕಣಮ್ಮ, ನಿನ್ ಮಾತಿಗೇನು ನಾನು ಇಂಕು ಹಾಕ್ಬೇಕಾ?” ಎಂದು ಅವನು ರೇಗಿಸುತ್ತಾನೆ.

ಕೆಲಸಕ್ಕೆ ಅವಳದೇ ಒಂದು ಕಟ್ಟಳೆಯಿದೆ. ಪ್ರತಿ ಡಬ್ಬಿಯ ತಳದ ಮಡಿಕೆಯೊಳಗೆ ಎಳ್ಳಿನಷ್ಟು ಚಿಕ್ಕದಾಗಿ ‘ಮರುರಚನೆ’ ಎಂದು ಅಚ್ಚಾಗಿರಬೇಕು, ಯಾರೂ ಅದನ್ನು ಅಸಲೆಂದು ದಾಟಿಸಬಾರದು. ಒಂದೇ ಸಲ ತಪ್ಪಿದ್ದಾಳೆ. ಎರಡನೆಯ ವರ್ಷ ಒಬ್ಬ ಗಿರಾಕಿ, ಕೊಡೆ ಹಿಡಿದು ಚಾವಣಿಯಿಂದ ಚಾವಣಿಗೆ ಹಾರುವ ಕಪ್ಪೆಯ ಆಟಕ್ಕೆ ಡಬ್ಬಿ ಮಾಡಿಸಿದ. ಆ ಪದ ತೆಗೆದುಬಿಡಿ ಎಂದು ಬರೆದ. “ಆಗಲ್ಲ ಅನ್ನೋಕೆ ನಂಗೆ ಬರ್ಲಿಲ್ಲ,” ಎನ್ನುತ್ತಾಳೆ. ತೆಗೆದಳು.

ಆ ಡಬ್ಬಿಯಲ್ಲಿ ಇನ್ನೊಂದು ತಪ್ಪೂ ಇತ್ತು. ಫೋಟೋದಲ್ಲಿ ಕೊಡೆಯ ಮೇಲೊಂದು ಮಡಿಕೆ ಬಿದ್ದು ಒಂದು ಕಡ್ಡಿ ಮುಚ್ಚಿಹೋಗಿತ್ತು. ಎಂಟು ಕಡ್ಡಿಯ ಕೊಡೆಗೆ ಅವಳು ಏಳೇ ಬರೆದಳು. ತಪ್ಪು ತಿಳಿಯುವ ಹೊತ್ತಿಗೆ ಡಬ್ಬಿ ಊರು ಬಿಟ್ಟಾಗಿತ್ತು.

ಅದು ಮತ್ತೆ ಸಿಕ್ಕಿದ್ದು ಎಂಟು ದಿನದ ಹಿಂದೆ, ನಾಲ್ಕು ಬೀದಿ ಆಚೆಯ ಶಾಮಣ್ಣನವರ ಮನೆಯಲ್ಲಿ. ಒಂದು ಕಾಲಕ್ಕೆ ಅವರದು ಅರ್ಧ ಗಂಟೆಯ ಲೆಕ್ಕದಲ್ಲಿ ಮಕ್ಕಳಿಗೆ ವಿಡಿಯೋ ಗೇಮ್ ಆಡಿಸುವ ಅಂಗಡಿ. ಹೊಸ ಆಟ ಬಂದಾಗಲೆಲ್ಲ ಡಬ್ಬಿ ಕತ್ತರಿಸಿ ಮುಖಚಿತ್ರವನ್ನು ಗೋಡೆಗೆ ಅಂಟಿಸುತ್ತಿದ್ದರು. ಅಂಗಡಿ ಮುಚ್ಚಿತು, ಗೋಡೆಗೆ ಸುಣ್ಣ ಬಿತ್ತು. ನಲವತ್ತೊಂದು ಕ್ಯಾಸೆಟ್ಟು ಉಳಿದವು, ಡಬ್ಬಿ ಒಂದೂ ಇಲ್ಲ. ಇವಳನ್ನು ಕರೆಸಿ ಅವರು ಪಂಚೆಯ ತುಂಡಿನಿಂದ ಒಂದು ಡಬ್ಬಿ ಬಿಚ್ಚಿದರು. ಹೋದ ವರ್ಷ ಯಾರಿಂದಲೋ ಕೊಂಡದ್ದಂತೆ.

“ಇದೊಂದೇ ನೋಡಮ್ಮ ಅಸಲು. ಇದರ ಹಾಗೇ ಬೇರೆ ಐದು ಆಟಕ್ಕೂ ಮಾಡ್ಕೊಡು.”

ಲಹರಿ ಕೊಡೆಯ ಕಡ್ಡಿ ಎಣಿಸಿದಳು. ಏಳು. ಆಗಲಿ ಸಾರ್ ಎಂದು ಬಂದುಬಿಟ್ಟಳು. ಬರುವ ಭಾನುವಾರ ಮಂಗಳೂರಿನ ವಿಶ್ರುತ್ ಎಂಬ ಸಂಗ್ರಾಹಕ ಬರುತ್ತಾನೆ, ಕಪ್ಪೆಯ ಡಬ್ಬಿ ಪಡೆದು ಅಂಗಡಿಯಲ್ಲಿದ್ದಂಥದೇ ಆಟದ ಯಂತ್ರ ಕೊಡುತ್ತಾನೆ ಎಂದು ಅವರು ಹೇಳುತ್ತಿದ್ದಾಗಲೂ ಬಾಯಿ ಬಿಡಲಿಲ್ಲ.

ಇವತ್ತು ಆ ಭಾನುವಾರ.

ಹತ್ತೂವರೆಗೆ ಅವಳು ಐದು ಡಬ್ಬಿ ಚೀಲದಲ್ಲಿಟ್ಟುಕೊಂಡು ಹೋಗುತ್ತಾಳೆ. ಶಾಮಣ್ಣ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. “ಬಹಳ ಚೆನ್ನಾಗಿದೆ ಕಣಮ್ಮ. ಆದ್ರೂ ಅಸಲು ಅಸಲೇ, ಬೇಜಾರ್ ಮಾಡ್ಕೋಬೇಡ.” ಅವಳು ತಲೆ ಆಡಿಸುತ್ತಾಳೆ.

ವಿಶ್ರುತ್ ಬರುತ್ತಾನೆ. ಯಂತ್ರವನ್ನು ಟವೆಲ್ಲಿನಿಂದ ಬಿಚ್ಚಿ ಚಾಪೆಯ ಮೇಲಿಡುತ್ತಾನೆ. ಶಾಮಣ್ಣನವರ ಬೆರಳು ಆಗಲೇ ಅದರ ಗುಂಡಿಗಳ ಮೇಲಿದೆ. ಬಂದವನು ಕಪ್ಪೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅಂಚಿನುದ್ದಕ್ಕೂ ನೋಡುತ್ತಾನೆ, ಮೂಲೆ ಮುಟ್ಟುತ್ತಾನೆ. ಇಷ್ಟು ಚೆನ್ನಾಗಿ ಉಳಿದದ್ದನ್ನು ತಾನು ಎಲ್ಲಿಯೂ ಕಂಡಿಲ್ಲ ಎನ್ನುತ್ತಾನೆ, ದನಿ ತಗ್ಗಿಸಿ.

ಲಹರಿಯ ಕಿವಿ ಬಿಸಿಯಾಗುತ್ತದೆ. ಮುನ್ನೂರ ಹದಿನೆಂಟು ಡಬ್ಬಿಯಲ್ಲಿ ಒಂದನ್ನು, ಇವಳೆದುರೇ ಕೂತು, ಒಬ್ಬ ಮನುಷ್ಯ ಹೀಗೆ ನೋಡುತ್ತಿರುವುದು ಇದೇ ಮೊದಲು. ಸುಮ್ಮನಿದ್ದರೆ ಇಬ್ಬರೂ ಸಂತೋಷವಾಗಿರುತ್ತಾರೆ. ಡಬ್ಬಿ ಮಂಗಳೂರಿಗೆ ಹೋಗುತ್ತದೆ, ಶಾಮಣ್ಣ ತಿಳಿಯದೆಯೇ ಮೋಸ ಮಾಡಿದವರಾಗುತ್ತಾರೆ.

ವಿಶ್ರುತ್ ಬ್ಯಾಗಿನ ಜಿಪ್ಪು ಎಳೆಯುತ್ತಾನೆ.

“ಅದು ಅಸಲಲ್ಲ ಸಾರ್,” ಎನ್ನುತ್ತಾಳೆ ಲಹರಿ. ಇಬ್ಬರೂ ತಿರುಗಿ ನೋಡುತ್ತಾರೆ. ಈ ಸಲ ಅವಳು ಕಣ್ಣು ತಗ್ಗಿಸುವುದಿಲ್ಲ.

“ನಾನು ಮಾಡಿದ್ದು.”