ಒಂದು ಪದಕ್ಕೆ ಎಷ್ಟು ವಾಕ್ಯ

ಅಂದು ನಾನು ತಂಗಿಯ ಪರ ನಿಲ್ಲಲಿಲ್ಲ. ಜಪಾನಿನಲ್ಲಿ ನರ್ಸ್ ಕೆಲಸಕ್ಕೆ ಹೋಗಲು ಅವಳು ಆ ಭಾಷೆ ಕಲಿಯುತ್ತಿದ್ದಳು. ನೀರು ಎಂಬ ಒಂದೇ ಪದಕ್ಕೆ ನೀರು ಕೊಡಿ, ನೀರು ಬಿಸಿ ಇದೆ, ಅಜ್ಜಿ ನೀರು ಕುಡಿದರು ಎಂದು, ಪದ ಮನಸ್ಸಲ್ಲಿ ನಿಲ್ಲಲೆಂದು, ಜಪಾನಿಯಲ್ಲೂ ಕನ್ನಡದಲ್ಲೂ ವಾಕ್ಯದ ಮೇಲೆ ವಾಕ್ಯ ಓದುತ್ತಲೇ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು.

ಹೆಣ್ಣು ನೋಡಲು ಸೊರಬದಿಂದ ಬಂದವರು ಅದನ್ನು ಕೇಳಿ, "ಒಂದು ಪದಕ್ಕೆ ಇಷ್ಟೆಲ್ಲ ಓದ್ಬೇಕಾ? ಹುಡುಗಿ ಸ್ವಲ್ಪ ದಡ್ಡೀನಾ?" ಎಂದು ನಕ್ಕರು. ನಾನೂ ನಕ್ಕೆ.

"ಹೂಂ ರೀ, ದಡ್ಡೀನೇ. ಇನ್ನೂ ಓದೋದೈತೆ, ನೀವು ಕಾಫಿ ಕುಡ್ದು ಹೊರಡ್ರಿ," ಎಂದವಳೇ ಇನ್ನೂ ಜೋರಾಗಿ ಓದಿದಳು.

ಅವರು ಹೋದ ಮೇಲೆ ಕೇಳಿದಳು: "ಅವರು ನಗ್ಲಿ. ನೀ ಯಾಕೆ ನಕ್ಕೆ ಅಣ್ಣ?"

ಮೊನ್ನೆ ಅವಳು ಜಪಾನಿ ಭಾಷೆಯ ಪರೀಕ್ಷೆಗೆ ಹೊರಟಾಗ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರೇ ಹೇಳಿದೆ: "ತಪ್ಪಾತು ಕಣವ್ವ. ನಾನು ಏಳನೇ ಕ್ಲಾಸಿಗೇ ಸಾಲಿ ಬಿಟ್ಟೋನು. ನೀ ಓದೋದು ನೋಡಿ ಹೊಟ್ಟೆಕಿಚ್ಚಿಗೆ ನಕ್ಕೆ."