ಪಾಯ್ಸ್ ಮತ್ತು ಕಂಸದೊಳಗಿನ ‘ರಿ’

ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ, ಒಂದು ಗೋಪುರದ ಹದಿನೇಳನೇ ಮಹಡಿಯ ಲೆಕ್ಕಪತ್ರದ ಕಚೇರಿಯಲ್ಲಿ, ಆಸ್ವಾಲ್ಡ್ ಪಾಯ್ಸ್ ದಿನವಿಡೀ ಕೇಳುವುದು ಒಂದೇ ಪ್ರಶ್ನೆ: “ನಿಮ್ಮದು ರಿಜಿಸ್ಟರ್ ಆಗಿದೆಯಾ?” ಅಂಗಡಿಯವರು, ಗ್ಯಾರೇಜಿನವರು, ಹೂ ಮಾರುವವರು ತೆರಿಗೆಯ ಕಾಗದ ಹಿಡಿದು ಬರುತ್ತಾರೆ. ನೋಂದಣಿ ಸಂಖ್ಯೆ ಇಲ್ಲದವರನ್ನು ಪಾಯ್ಸ್ ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಸಾಕು, ತಾವೇನೋ ಕದ್ದಿದ್ದೇವೆ ಅಂತ ಅವರಿಗೇ ಅನ್ನಿಸುತ್ತದೆ. ಇಂಥ ಪಾಯ್ಸ್ ಆಗಸ್ಟಿನ ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದವರು ಹಾಗೇ ಮುಚ್ಚಿಟ್ಟರು. ಕಳೆದ ವರ್ಷ ತೆನೆ ಹಬ್ಬದ ಊಟ ಇಟ್ಟುಕೊಂಡಿದ್ದ ಹೋಟೆಲಿನಿಂದ ಮೆಸೇಜು ಬಂದಿತ್ತು. ನಮ್ಮಲ್ಲಿ ಆಡಿಟ್ ನಡೆಯುತ್ತಿದೆ, ನಿಮ್ಮ ಧಾರ್ಮಿಕ ಸಂಸ್ಥೆಯ ನೋಂದಣಿ ಪತ್ರದ ಪ್ರತಿ ಕಳಿಸಿಕೊಡಿ.

ಸಂಸ್ಥೆಗೆ ನೋಂದಣಿ ಪತ್ರ ಇರಲಿಲ್ಲ. ಯಾವತ್ತೂ ಇರಲಿಲ್ಲ.

ಪಾಯ್ಸ್ ಶಿರ್ವದ ಕಡೆಯ ಕೊಂಕಣಿ ಕ್ರೈಸ್ತರು. ಅಬುಧಾಬಿಗೆ ಬಂದು ಇಪ್ಪತ್ತಮೂರು ವರ್ಷ. ಮೊದಲು ಆರು ಜನ ಒಂದೇ ಕೋಣೆ ಹಂಚಿಕೊಳ್ಳುವ ಬೆಡ್‌ಸ್ಪೇಸ್‌ನಲ್ಲಿದ್ದಾಗ ಸಂಜೆ ಎಲ್ಲರೂ ಸೇರಿ ಜಪಮಾಲೆ ಹೇಳುತ್ತಿದ್ದರು. ಆಮೇಲೆ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ರೊಸಲಿನ್‌ರನ್ನು ಮದುವೆಯಾದರು, ಫ್ಲ್ಯಾಟು ಬಂತು, ಮಗಳು ಟೀನಾ ಹುಟ್ಟಿದಳು. ಆರು ಜನರ ಜಪಮಾಲೆ ಅರವತ್ತು ಸಂಸಾರಗಳ ಬಳಗವಾಯಿತು. ಆಗಸ್ಟಿನ ಕೊನೆಯಿಂದ ಒಂಬತ್ತು ದಿನ ಮಕ್ಕಳು ಮೇರಿ ಮಾತೆಗೆ ಹೂ ಹಾಕುವುದು, ಸೆಪ್ಟೆಂಬರ್ ಎಂಟನೇ ತಾರೀಕು ಮಂಗಳೂರು ವಿಮಾನದಲ್ಲಿ ಯಾರದೋ ಬ್ಯಾಗಿನಲ್ಲಿ ಬಂದ ಭತ್ತದ ತೆನೆ ಹಂಚುವುದು, ಅಲ್ ಮೀನಾ ಮಾರ್ಕೆಟ್ಟಿನಿಂದ ತಂದ ಬಾಳೆಲೆಯಲ್ಲಿ ತರಕಾರಿ ಊಟ. ಇಷ್ಟಾದ ಮೇಲೆ ಹೆಸರು ಬೇಡವೇ? ನಮ್ಮ ಕರಾವಳಿಯವರು ಮೂರು ಜನ ಒಂದೆಡೆ ನಿಂತರೆ ಸಂಘ, ನಾಲ್ಕನೆಯವನು ಬಂದರೆ ಅಧ್ಯಕ್ಷರ ಭಾಷಣ. ಹತ್ತು ವರ್ಷದ ಹಿಂದೆ ಕಂಪ್ಯೂಟರಿನ ಮುಂದೆ ಕೂತ ಪಾಯ್ಸ್ ಲೆಟರ್‌ಹೆಡ್‌ಗೆ ಟೈಪ್ ಮಾಡಿದರು: ‘ಕೊಂಕಣಿ ಭಕ್ತ ಬಳಗ, ಅಬುಧಾಬಿ (ರಿ.)’. ಕೆಳಗೆ ಇಂಗ್ಲಿಷಿನಲ್ಲೂ ಅದನ್ನೇ ಹಾಕಿದರು.

‘ರಿಜಿಸ್ಟರ್ಡ್’ ಎನ್ನುವ ಆ ‘ರಿ’ಯನ್ನು ಅವರು ಯೋಚಿಸಿ ಹಾಕಿದ್ದಲ್ಲ. ಅವರ ಊರಿನಲ್ಲಿ ಯುವಕ ಮಂಡಲಕ್ಕೆ ‘ರಿ’ ಇತ್ತು, ಭಜನಾ ಮಂಡಳಿಗೆ ಇತ್ತು, ವಾಲಿಬಾಲ್ ತಂಡಕ್ಕೂ ಇತ್ತು. ಅದಿಲ್ಲದ ಹೆಸರು ಚಪ್ಪಲಿಯಿಲ್ಲದೆ ಮದುವೆಗೆ ಹೋದವರ ಹಾಗೆ ಕಾಣುತ್ತಿತ್ತು. ದುಬೈಗೆ ಹೋದಾಗ ದೇರಾದಲ್ಲಿ ದುಂಡನೆಯ ಸೀಲನ್ನೂ ಮಾಡಿಸಿಕೊಂಡು ಬಂದರು. ಆ ಸೀಲಿನ ಮೇಲೆ ಅವರಿಗಿದ್ದ ಪ್ರೀತಿ ರೊಸಲಿನ್‌ಗೆ ಗೊತ್ತು.

ಕಳೆದ ವರ್ಷ ಹೋಟೆಲಿಗೆ ಬರೆದ ಪತ್ರದ ಮೇಲೆ ಅದೇ ಸೀಲು ಬಿತ್ತು, ಪಕ್ಕದಲ್ಲಿ ಪಾಯ್ಸ್‌ರ ಸಹಿ. ‘ನಮ್ಮದು ನೋಂದಾಯಿತ ಧಾರ್ಮಿಕ ಸಂಸ್ಥೆ, ಸಲ್ಲಬೇಕಾದ ವಿನಾಯಿತಿ ಕೊಡಿ.’ ಊಟ ಮುಗಿದು ಬಿಲ್ಲು ಬಂದಾಗ ತೆರಿಗೆಯ ಸಾಲಿನಲ್ಲಿ ಸೊನ್ನೆ ಇತ್ತು. ಬೇರೆಯವರಾದರೆ ಗಮನಿಸುತ್ತಿರಲಿಲ್ಲ. ಪಾಯ್ಸ್‌ರ ಕಣ್ಣು ಯಾವ ಬಿಲ್ಲಿನಲ್ಲೂ ಮೊದಲು ಹೋಗುವುದು ಆ ಸಾಲಿಗೇ. ಅಲ್ಲಿ ನಾನೂರೈವತ್ತು ದಿರ್ಹಾಮ್ ತೆರಿಗೆ ಇರಬೇಕಿತ್ತು. ಸುತ್ತ ಜನ ‘ಊಟ ಫಸ್ಟ್‌ಕ್ಲಾಸ್’ ಅನ್ನುತ್ತಿದ್ದರು. ಪಾಯ್ಸ್ ಬಿಲ್ಲು ಮಡಚಿ ಜೇಬಿಗೆ ಹಾಕಿಕೊಂಡರು.

ಮೆಸೇಜು ಬಂದ ದಿನದಿಂದ ಅವರಿಗೆ ಅನ್ನ ಸೇರಲಿಲ್ಲ. ಅದೇ ತಿಂಗಳು ವೀಸಾ ರಿನ್ಯೂ ಆಗಬೇಕಿತ್ತು. ಅದರ ಜೊತೆಗೆ ಚರ್ಚಿನ ಪ್ರಕಟಣೆ: ಸರ್ಕಾರದ ಪರವಾನಗಿ ಇರುವುದು ಚರ್ಚಿಗೆ ಮಾತ್ರ, ಪ್ರಾರ್ಥನೆಯ ಗುಂಪುಗಳೆಲ್ಲ ಅದರ ಪಟ್ಟಿಯಲ್ಲಿ ಸೇರಬೇಕು, ಸೇರದವರಿಗೆ ಚರ್ಚಿನಲ್ಲಿ ಕೋಣೆ ಸಿಗುವುದಿಲ್ಲ, ಮನೆಗಳಲ್ಲಿ ಕೂಡುವಂತಿಲ್ಲ. ಪಟ್ಟಿಗೆ ಸೇರುವ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಈ ಗುಂಪು ಯಾವತ್ತಾದರೂ ತನ್ನನ್ನು ಪ್ರತ್ಯೇಕ ಸಂಸ್ಥೆಯೆಂದು ಹೇಳಿಕೊಂಡಿದೆಯೇ? ಹೌದು ಎಂದರೆ ಅರವತ್ತು ಸಂಸಾರ ಬೀದಿಯಲ್ಲಿ. ಇಲ್ಲ ಎಂದರೆ ಇನ್ನೊಂದು ಸುಳ್ಳಿಗೆ ಇನ್ನೊಂದು ಸಹಿ.

ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಪೊಲೀಸರು ಬಂದರೇನೋ ಅಂತ ತಿರುಗಿ ನೋಡುತ್ತಿದ್ದರು. ಶುಕ್ರವಾರ ರೊಸಲಿನ್ ಡ್ಯೂಟಿಯಿಂದ ಬಂದು ನೋಡಿದರೆ, ಮನೆಯ ಹಾಲ್‌ನ ನೆಲದಲ್ಲಿ ಬಳಗದ ಬ್ಯಾನರು ಹಾಸಿದೆ, ಗಂಡ ಮಂಡಿಯೂರಿ ಕೂತು ಮಗಳ ನೇಲ್‌ಪಾಲಿಶ್ ತೆಗೆಯುವ ದ್ರವದಿಂದ ಆ ಒಂದಕ್ಷರ ಉಜ್ಜುತ್ತಿದ್ದಾರೆ. ಅಕ್ಷರ ಹೋಗಿ ಅಂಗೈಯಗಲ ಕಪ್ಪು ಕಲೆಯಾಗಿತ್ತು.

“ಎಂತ ಮಾಡ್ತಾ ಇದ್ದೀರಿ?”

ಪಾಯ್ಸ್ ಎಲ್ಲ ಹೇಳಿದರು, ಜೇಬಿಗೆ ಹೋದ ಬಿಲ್ಲಿನ ಸಂಗತಿಯನ್ನೂ.

“ಡ್ಯಾಡ್, ಜಸ್ಟ್ ಟೆಲ್ ದೆಮ್,” ಅಂದಳು ಟೀನಾ ಸೋಫಾದಿಂದ.

“ಅವಳಿಗೆ ಹೇಳ್ಲಿಕ್ಕೆ ಸುಲಭ,” ಅಂದರು ಪಾಯ್ಸ್. “ಕಳಿಸಿಬಿಟ್ರೆ? ಈ ಪ್ರಾಯದಲ್ಲಿ ಕಳ್ಳ ಅನ್ನಿಸಿಕೊಂಡು ಊರಿಗೆ ಹೋಗುವುದಾ?”

ರೊಸಲಿನ್ ಬೈಯಲಿಲ್ಲ. ಕಲೆಯ ಪಕ್ಕ ಕೂತರು. “ಎರಡೆರಡು ವರ್ಷಕ್ಕೆ ವೀಸಾ, ವರ್ಷ ವರ್ಷ ಮನೆಯ ಕಾಂಟ್ರಾಕ್ಟ್. ನಮ್ಮದು ಒಂದಾದರೂ ಇಲ್ಲಿ ಗಟ್ಟಿ ಉಂಟು ಅಂತ ನಿಮಗೆ ಬೇಕಿತ್ತು. ನನಗೆ ಗೊತ್ತುಂಟು. ಆದರೆ ನಾಳೆ ಹೋಗಿ ಹೇಳಿ ಬನ್ನಿ.”

ಪಾಯ್ಸ್‌ರ ಕಣ್ಣು ತುಂಬಿ ಬಂತು. ಇಪ್ಪತ್ತಮೂರು ವರ್ಷದಲ್ಲಿ ಆ ಮಾತನ್ನು ಅವರು ತಮಗೇ ಹೇಳಿಕೊಂಡಿರಲಿಲ್ಲ.

ಹೋಟೆಲಿನಲ್ಲಿ ಎದುರು ಕೂತವಳು ಹಣಕಾಸು ವಿಭಾಗದ ಫರ್ಝಾನ, ಮಂಗಳೂರಿನ ಹತ್ತಿರದ ಕೃಷ್ಣಾಪುರದ ಬ್ಯಾರಿ ಹುಡುಗಿ. ಪಾಯ್ಸ್‌ರ ಪತ್ರ ಅವಳ ಮೇಜಿನ ಮೇಲೇ ಇತ್ತು.

“ಸರ್ಟಿಫಿಕೇಟ್ ಇಲ್ಲ,” ಅಂದರು ಪಾಯ್ಸ್. “ಬಳಗ ರಿಜಿಸ್ಟರ್ ಆಗಿಲ್ಲ. ಊರಲ್ಲಿ ಹಾಕ್ತಾರಲ್ಲ, ಹಾಗೆ ಹಾಕಿದ್ದು.”

ಫರ್ಝಾನ ಲೆಟರ್‌ಹೆಡ್ ನೋಡಿದಳು. ನಗು ತಡೆದುಕೊಂಡದ್ದು ಗೊತ್ತಾಗುತ್ತಿತ್ತು. “ನಮ್ಮ ಊರಿನ ಕಬಡ್ಡಿ ಟೀಮಿಗೂ ಉಂಟು ಸರ್ ಇದು. ಆದರೆ ಇಲ್ಲಿ ಅದಕ್ಕೆ ಅರ್ಥ ಉಂಟಲ್ಲ? ಅದಿರಲಿ, ಬರೀ ಪತ್ರ ನೋಡಿ ಟ್ಯಾಕ್ಸ್ ಬಿಡ್ಲಿಕ್ಕೆ ಇಲ್ಲ. ಅದು ನಮ್ಮವರ ತಪ್ಪು. ನಿಮಗೆ ಹೇಗೆ ಗೊತ್ತಾಗಬೇಕು?”

ತಪ್ಪಿಸಿಕೊಳ್ಳುವ ಬಾಗಿಲು ತೆರೆದುಕೊಂಡಿತ್ತು. ಅಲ್ಲಿಂದ ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಪಾಯ್ಸ್ ಏಳಲಿಲ್ಲ.

“ನನಗೆ ಗೊತ್ತಿತ್ತು,” ಅಂದರು. “ನನ್ನ ಕೆಲಸವೇ ಅದು. ಬಿಲ್ ನೋಡಿದ ಕೂಡಲೇ ಗೊತ್ತಾಗಿತ್ತು.”

ಫರ್ಝಾನಳ ಮುಖದಿಂದ ನಗು ಹೋಯಿತು. ಪತ್ರವನ್ನು ತನ್ನ ಕಡೆ ಎಳೆದುಕೊಂಡಳು. “ರಿಜಿಸ್ಟರ್ ಆಗಿಲ್ಲ ಅಂತ ಒಂದು ಪತ್ರ ಕೊಡಿ. ಟ್ಯಾಕ್ಸ್ ಕಟ್ಟಿ. ಆಡಿಟರ್ ಒಪ್ಪಿದರೆ ಖಲಾಸ್. ಒಪ್ಪದಿದ್ದರೆ ಫೋನ್ ಮಾಡ್ತೇನೆ.”

ಪಾಯ್ಸ್ ಹಣ ಕಟ್ಟಿ, ಪತ್ರ ಬರೆದು, ಸಹಿ ಹಾಕಿದರು. ಈ ಸಲ ಸೀಲು ಇರಲಿಲ್ಲ.

ಅಲ್ಲಿಂದ ನೇರ ಚರ್ಚಿನ ಕಚೇರಿಗೆ ಹೋಗಿ, ಅರ್ಜಿಯ ಆ ಪ್ರಶ್ನೆಗೆ ‘ಹೌದು’ ಎಂದು ಬರೆದರು. ಕಚೇರಿ ನೋಡಿಕೊಳ್ಳುವ ನೆವಿಲ್ ಅದನ್ನು ಎರಡು ಸಲ ಓದಿದ. “ಅಂಕಲ್, ಹೀಗೆ ಬರೆದರೆ ಫಾದರ್ ಎಂತ ಹೇಳ್ತಾರೋ ಗೊತ್ತಿಲ್ಲ. ಸೀಲು ಇದ್ದರೆ ಇಲ್ಲಿ ಕೊಟ್ಟುಬಿಡಿ.” ಪಾಯ್ಸ್ ಕೊಟ್ಟರು. ಅವನು ಅದನ್ನು ಸ್ಟೇಪ್ಲರ್ ಪಿನ್ನುಗಳ ಜೊತೆ ಡ್ರಾಯರಿಗೆ ಹಾಕಿದ.

ಮುಂದಿನ ಮೂರು ವಾರ ಪಾಯ್ಸ್ ಫೋನನ್ನು ಸ್ನಾನಕ್ಕೂ ಒಯ್ದರು. ಫರ್ಝಾನಳ ಫೋನು ಬರಲಿಲ್ಲ. ಬರದೆ ಇರುವುದು ಒಳ್ಳೆಯದೋ ಕೆಟ್ಟದ್ದೋ ಅವರಿಗೆ ತಿಳಿಯಲಿಲ್ಲ. ವೀಸಾ ರಿನ್ಯೂ ಆಯಿತು. ಆಮೇಲೂ ಅನ್ನ ಸೇರಲಿಲ್ಲ. ಕಚೇರಿಗೆ ಬಂದ ಹೂವಿನಂಗಡಿಯವನು ನೋಂದಣಿ ಸಂಖ್ಯೆ ಇಲ್ಲವೆಂದಾಗ ಕುರ್ಚಿ ತೋರಿಸಿ, ನೀರು ಕೊಟ್ಟು, ಹೇಗೆ ಮಾಡಿಸಬೇಕೆಂದು ಮುಕ್ಕಾಲು ಗಂಟೆ ವಿವರಿಸಿದರು. ಚರ್ಚಿನವರು ಪಟ್ಟಿಯ ಬಗ್ಗೆ ಏನೂ ಹೇಳಲಿಲ್ಲ. ಕೇಳುವ ಧೈರ್ಯ ಪಾಯ್ಸ್‌ಗೆ ಇರಲಿಲ್ಲ.

ತೆನೆ ಹಬ್ಬದ ಸಂಜೆ ಚರ್ಚಿನ ಅಂಗಳದಲ್ಲಿ ಗುಂಪು ಗುಂಪಾಗಿ ತೆನೆ ಹಂಚುತ್ತಿದ್ದರು. ಬಳಗದ ಅರವತ್ತು ಸಂಸಾರ ಪಾಯ್ಸ್‌ರ ಹಿಂದೆ ಸಾಲು ನಿಂತಿತ್ತು, ಮಕ್ಕಳ ಕೈಯಲ್ಲಿ ಹೂವಿನ ಬುಟ್ಟಿ. ಏನು ನಡೆದಿದೆಯೆಂದು ರೊಸಲಿನ್, ಟೀನಾ ಹೊರತು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಜಿನ ಹಿಂದೆ ಪಟ್ಟಿ ಹಿಡಿದು ಕೂತ ಸ್ವಯಂಸೇವಕಿ ಅಶ್ಮಿತಾ ತಲೆಯೆತ್ತಿದಳು.

“ಯಾವ ಗುಂಪು?”

“ಕೊಂಕಣಿ.”

“ರಿಜಿಸ್ಟರ್ ಆಗಿದೆಯಾ?”

ಹತ್ತು ವರ್ಷ ಎಲ್ಲೆಂದರಲ್ಲಿ ಸಲೀಸಾಗಿ ಹೌದೆಂದವರು ಈಗ ರೊಸಲಿನ್‌ರ ಮುಖ ನೋಡಿದರು. ಅಶ್ಮಿತಾಳ ಬೆರಳು ಪಟ್ಟಿಯ ಮೇಲೆ ಇಳಿಯುತ್ತ ಹೋಯಿತು, ಪುಟ ತಿರುಗಿತು, ಮತ್ತೆ ಇಳಿಯಿತು, ನಿಂತಿತು.

“ಉಂಟು. ನಲವತ್ತೊಂದನೆಯದು.” ತೆನೆಯ ಕಟ್ಟನ್ನು ಅವರ ಮುಂದಿಟ್ಟಳು.

ಅರ್ಜಿಯಲ್ಲಿ ‘ಹೌದು’ ಎಂದು ಬರೆದುಕೊಟ್ಟಿದ್ದ ಪಾಯ್ಸ್ ಕೈ ಚಾಚಲಿಲ್ಲ.

“ಇನ್ನೊಮ್ಮೆ ನೋಡಿ,” ಅಂದರು.