ಇನ್ನೊಂದ್ಸಲ ಅಕ್ಕ ಮತ್ತು ಹನ್ನೊಂದನೇ ಸುತ್ತು

ನನ್ನ ಕೈಬರಹ ಚೆನ್ನಾಗಿರುವುದೇ ನನ್ನ ಕರ್ಮ. ಇಲ್ಲದಿದ್ದರೆ ಡ್ರಾಯಿಂಗ್ ಮೇಷ್ಟ್ರಾದ ನನಗೂ ವಿಧಾನಸಭೆ ಚುನಾವಣೆಗೂ ಎಲ್ಲಿಯ ನಂಟು? ಬೇರೆ ಮೇಷ್ಟ್ರುಗಳೆಲ್ಲ ಮತದಾನದ ದಿನ ಫ್ಯಾನಿನ ಕೆಳಗೆ ಕೂತು ಜನರ ಬೆರಳಿಗೆ ಶಾಯಿ ಹಚ್ಚಿ ಮನೆಗೆ ಹೋಗುತ್ತಿದ್ದರು. ನನ್ನನ್ನು ಮಾತ್ರ ಎಣಿಕೆಯ ದಿನ ಕಾಲೇಜು ಮೈದಾನಕ್ಕೆ ಕರೆಸಿ, ಸಾವಿರಾರು ಜನರ ನಡುವೆ, ಒಂದು ಸ್ಟೂಲಿನ ಮೇಲೆ ಹತ್ತಿಸುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಐದು ಕ್ಷೇತ್ರ, ಹಾಗಾಗಿ ಐದು ಕರಿಹಲಗೆ. ಒಳಗೆ ಎಣಿಸುತ್ತಾರೆ, ಸುತ್ತು ಮುಗಿದಂತೆಲ್ಲ ಧ್ವನಿವರ್ಧಕದಲ್ಲಿ ಓದುತ್ತಾರೆ, ಹೊರಗೆ ನಾನು ಬರೆಯುತ್ತೇನೆ. ಸಂಜೆ ಹೊತ್ತಿಗೆ ಮೂಗು, ಕಿವಿ, ಕೂದಲು, ಎಲ್ಲದರಲ್ಲೂ ಸೀಮೆಸುಣ್ಣ.

ಒಳಗಿಂದ ಓದುತ್ತಿದ್ದವರು ಇನ್ನೊಂದ್ಸಲ ಅಕ್ಕ. ಜಿಲ್ಲಾ ಕಚೇರಿಯ ಟಪಾಲು ವಿಭಾಗದ ಗುಮಾಸ್ತೆ. ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಬಂದ ಕಾರಣ ಮಾತ್ರ ಇಡೀ ಜಿಲ್ಲೆಗೆ ಗೊತ್ತು. ಅಕ್ಕ ಒಂದು ಅಂಕಿಯನ್ನು ಮೊದಲು ಪೂರ್ತಿ ಓದುತ್ತಿದ್ದರು. ಆಮೇಲೆ ಬಿಡಿಬಿಡಿಯಾಗಿ ಓದುತ್ತಿದ್ದರು. ಅಷ್ಟು ಸಾಲದೆಂದು "ಇನ್ನೊಂದ್ಸಲ" ಎಂದು ಎಲ್ಲವನ್ನೂ ಮೊದಲಿಂದ ಹೇಳುತ್ತಿದ್ದರು. ಬಿಸಿಲಲ್ಲಿ ನಿಂತ ಜನ ಮೈ ಪರಚಿಕೊಳ್ಳುತ್ತಿದ್ದರು. "ಅಕ್ಕಾ, ನಾವೇನು ಕಿವುಡ್ರಾ?" ಎಂದು ಯಾರಾದರೂ ಕೂಗಿದರೆ ಮೈದಾನವೆಲ್ಲ ನಗುತ್ತಿತ್ತು. ಒಳಗಿದ್ದ ಅಕ್ಕನಿಗೆ ಅದು ಕೇಳಿಸಿದರೂ ಓದುವ ಚಾಳಿ ಬದಲಾಗುತ್ತಿರಲಿಲ್ಲ.

ಆ ಚಾಳಿ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಂದದ್ದು. ಹತ್ತೊಂಬತ್ತನೇ ವಯಸ್ಸಿಗೆ ಅಕ್ಕ ಅಲ್ಲಿ ಆಪರೇಟರ್ ಆಗಿ ಸೇರಿದ್ದರು. ಸೇರಿದ ಮೊದಲ ತಿಂಗಳಲ್ಲಿ ಒಬ್ಬ ಮನುಷ್ಯ ಏದುಸಿರು ಬಿಡುತ್ತಾ ಆಸ್ಪತ್ರೆಯ ನಂಬರ್ ಕೇಳಿದನಂತೆ. ಅವಸರದಲ್ಲಿ ಅಕ್ಕ ಅವನನ್ನು ಸಿಮೆಂಟ್ ಅಂಗಡಿಗೆ ಜೋಡಿಸಿಬಿಟ್ಟರು. ಅವನು ಅಂಗಡಿಯವನ ಹತ್ತಿರ "ಬೇಗ ಕಳಿಸಿ" ಎಂದಿದ್ದಾನೆ, ಅಂಗಡಿಯವನು "ಎಷ್ಟು ಮೂಟೆ?" ಎಂದಿದ್ದಾನೆ. ರೋಗಿ ಹೇಗೋ ಬದುಕಿಕೊಂಡರು. ಆದರೆ ಅಕ್ಕ ಅಂದಿನಿಂದ ಯಾವ ಅಂಕಿಯನ್ನೂ ಎರಡು ಸಲ ಹೇಳದೆ ಬಿಟ್ಟವರಲ್ಲ. ಎಕ್ಸ್‌ಚೇಂಜಿಗೆ ಯಂತ್ರ ಬಂದು ಅವರನ್ನು ಜಿಲ್ಲಾ ಕಚೇರಿಗೆ ಹಾಕಿದ ಮೇಲೂ, ಅಂಗಡಿಯಲ್ಲಿ ಅರ್ಧ ಕೆಜಿ ಸಕ್ಕರೆ ಕೇಳುವಾಗಲೂ ಅದೇ ಪಾಠ. ಅವರ ಯಜಮಾನರು ಗಡಿಯಾರ ರಿಪೇರಿ ಮಾಡುವವರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಮಾಷೆ ಮಾಡುವ ಆಸಾಮಿ. "ಮದ್ವೆಗೆ ಒಪ್ಪಿಗೇನಾ ಅಂದಾಗ್ಲೂ ಎರಡು ಸಲ ಹೂಂ ಅಂದ್ಳು ಕಣ್ರೀ. ನಂಗೆ ತಪ್ಪಿಸ್ಕೊಳ್ಳೋಕೆ ದಾರಿನೇ ಇರ್ಲಿಲ್ಲ," ಎನ್ನುತ್ತಿದ್ದರು.

ನನಗಂತೂ ಆ ಎರಡು ಸಲ ಓದುವಿಕೆ ವರ. ಮೊದಲ ಸಲಕ್ಕೆ ಸರಿಯಾದ ಹಲಗೆಯ ಹತ್ತಿರ ಸ್ಟೂಲು ಎಳೆದುಕೊಂಡು ಹತ್ತುತ್ತಿದ್ದೆ, ಎರಡನೇ ಸಲಕ್ಕೆ ಬರೆಯುತ್ತಿದ್ದೆ. ನನ್ನದೂ ಒಂದು ಚಾಳಿ ಇತ್ತು, ಅದು ಸೋಮಾರಿತನದ್ದು. ಅಂಕಿಯನ್ನು ಪೂರ್ತಿ ಒರೆಸುತ್ತಿರಲಿಲ್ಲ. ಇಪ್ಪತ್ತೆರಡು ಸಾವಿರ ಹೋಗಿ ಇಪ್ಪತ್ತೈದು ಸಾವಿರ ಆದರೆ ಮೊದಲ ಅಂಕಿಯಾದ ಎರಡನ್ನು ಹಾಗೇ ಬಿಟ್ಟು ಉಳಿದವನ್ನಷ್ಟೇ ಬದಲಿಸುತ್ತಿದ್ದೆ. ಒಮ್ಮೆ ಊಟದ ಬಿಡುವಿನಲ್ಲಿ ಅಕ್ಕ ಹೊರಗೆ ಬಂದು ಹಲಗೆಗಳನ್ನು ನೋಡಿ, "ಮೇಷ್ಟ್ರೇ, ಪೂರ್ತಿ ಒರೆಸಿ ಬರೀರಿ. ಇದು ಒಂದಿನ ನಿಮ್ಮನ್ನ ತಿನ್ನುತ್ತೆ," ಎಂದಿದ್ದರು. ನಾನು ಹಲ್ಲು ಕಿರಿದು ಬುತ್ತಿ ಬಿಚ್ಚಿದ್ದೆ.

ಅದು ತಿಂದದ್ದು ಮುಂದಿನ ಚುನಾವಣೆಯಲ್ಲಿ.

ಆ ಸಲ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕ್ಷೇತ್ರಗಳ ಫಲಿತಾಂಶ ಬಂದಾಗಿತ್ತು. ಎರಡು ಒಂದು ಪಕ್ಷಕ್ಕೆ, ಎರಡು ಇನ್ನೊಂದಕ್ಕೆ. ಜಿಲ್ಲೆ ಯಾರದ್ದು ಎಂಬುದು ಐದನೆಯದರ ಮೇಲೆ ನಿಂತಿತ್ತು. ಅಲ್ಲಿ ಎರಡನೇ ನಂಬರಿನ ಅಭ್ಯರ್ಥಿಗೂ ನಾಲ್ಕನೇ ನಂಬರಿನ ಅಭ್ಯರ್ಥಿಗೂ ಜಿದ್ದಾಜಿದ್ದಿ. ಗೇಟಿನ ಬಲಕ್ಕೆ ಎರಡನೇ ನಂಬರಿನವರು, ಎಡಕ್ಕೆ ನಾಲ್ಕನೇ ನಂಬರಿನವರು, ನಡುವೆ ಐದು ಹಲಗೆ, ಒಂದು ಸ್ಟೂಲು, ನಾನು. ಪೊಲೀಸರೆಲ್ಲ ಎಣಿಕೆಯ ಕಟ್ಟಡದ ಸುತ್ತ ಇದ್ದರು. ನನ್ನ ಪಾಲಿಗೆ ಬಂದದ್ದು ಲಾಠಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದ ಒಬ್ಬ ಪೇದೆ.

ಹತ್ತನೇ ಸುತ್ತಿಗೆ ಎರಡನೇ ನಂಬರಿಗೆ 38,914 ಮತ. ನಾಲ್ಕನೆಯವರಿಗೆ 37,550. ಹನ್ನೊಂದನೇ ಸುತ್ತು ಬಂತು. ಅಕ್ಕ ಓದಿದರು: ಎರಡನೇ ನಂಬರಿಗೆ ನಲವತ್ತೊಂದು ಸಾವಿರದ ಇನ್ನೂರ ಆರು. ನಾಲ್ಕನೆಯವರಿಗೆ ಮೂವತ್ತೊಂಬತ್ತು ಸಾವಿರದ ನಾನೂರ ಎಂಬತ್ತು. ಇನ್ನೊಂದ್ಸಲವೂ ಓದಿದರು. ಅಷ್ಟರಲ್ಲಿ ಜನ ಕೂಗಾಡುತ್ತಿದ್ದರು, ಎಲ್ಲರ ಕಣ್ಣೂ ಹಲಗೆಯ ಮೇಲೆ, ಕಿವಿ ಯಾರಿಗೂ ಇರಲಿಲ್ಲ. ನಾನು ಎಂದಿನಂತೆ ಮೊದಲ ಅಂಕಿಯಾದ ಮೂರನ್ನು ಬಿಟ್ಟು ಉಳಿದದ್ದನ್ನು ಒರೆಸಿ ಬರೆದು ಸ್ಟೂಲಿನ ಮೇಲೇ ಹಿಂದೆ ತಿರುಗಿದೆ.

ಎಡಗಡೆಯವರು ಕುಣಿಯತೊಡಗಿದರು. ಶಾಲು ಹಾರಿತು, ಟೋಪಿ ಹಾರಿತು, ಯಾರೋ ಯಾರನ್ನೋ ಹೆಗಲಿಗೆ ಏರಿಸಿಕೊಂಡರು. ಬಲಗಡೆ ಒಬ್ಬ, "ಏಳು ಸಾವಿರ ವೋಟು ಎಲ್ಲಿ ಹೋಯ್ತೋ?" ಎಂದು ಚೀರಿದ. "ಮೋಸ! ಮೋಸ!" ನಾನು ಹಲಗೆ ನೋಡಿದೆ. 31,206 ಎಂದಿತ್ತು. ನೋಡಿದರೂ ಏನು ತಪ್ಪಾಗಿದೆ ಎಂದು ನನ್ನ ತಲೆಗೆ ಹೋಗಲಿಲ್ಲ, ಕಣ್ಣು ಕಟ್ಟಿದ ಹಾಗಾಗಿತ್ತು. ನೀರಿನ ಬಾಟಲಿಯೊಂದು ನನ್ನ ಭುಜಕ್ಕೆ ಬಡಿಯಿತು. ಹಗ್ಗದ ಬೇಲಿ ನೆಲಕ್ಕೆ ಬಿತ್ತು. ಸ್ಟೂಲಿನ ಕಾಲನ್ನು ಯಾರೋ ಹಿಡಿದು ಅಲ್ಲಾಡಿಸಿದರು. ಪೇದೆಯ ಕಡಲೆಕಾಯಿ ನೆಲದ ಮೇಲಿತ್ತು, ಪೇದೆ ಇರಲಿಲ್ಲ. ಮನೆಯಲ್ಲಿ ಏಳು ತಿಂಗಳ ಬಸುರಿ ಹೆಂಡತಿ ಇದ್ದಳು.

ಆಗ ಧ್ವನಿವರ್ಧಕ ಗರಗರ ಎಂದಿತು.

"ಎಲ್ರೂ ಕೇಳಿ. ಹನ್ನೊಂದನೇ ಸುತ್ತಿನ ಅಂಕಿಯನ್ನ ನಾನು ತಪ್ಪಾಗಿ ಓದಿದ್ದೀನಿ. ಬೋರ್ಡಿನವರು ನಾನು ಓದಿದ್ದನ್ನೇ ಬರೆದಿದ್ದಾರೆ. ತಪ್ಪು ನಂದು. ಎರಡನೇ ನಂಬರ್, ನಾಲ್ಕು, ಒಂದು, ಎರಡು, ಸೊನ್ನೆ, ಆರು. ಇನ್ನೊಂದ್ಸಲ. ನಾಲ್ಕು, ಒಂದು, ಎರಡು, ಸೊನ್ನೆ, ಆರು."

ಸ್ಟೂಲು ಅಲ್ಲಾಡುವುದು ನಿಂತಿತು. ನಾನು ಸಾಲು ಪೂರ್ತಿ ಒರೆಸಿದೆ, ಪೂರ್ತಿ ಬರೆದೆ. ಸಿಟ್ಟು ನನ್ನನ್ನು ಬಿಟ್ಟು ಧ್ವನಿವರ್ಧಕದ ಕಡೆ ತಿರುಗಿತು. ಎಡಗಡೆಯವರು ಬೈದರು, ಬಲಗಡೆಯವರೂ ಬೈದರು. "ಎರಡೆರಡು ಸಲ ಓದಿ ತಲೆ ತಿಂತೀಯಲ್ಲ, ಒಂದ್ಸಲ ಸರಿಯಾಗಿ ಓದೋಕಾಗಲ್ವಾ?" ಎಂದ ಒಬ್ಬ. ಅದಕ್ಕಿಂತ ಹೊಲಸಾಗಿಯೂ ಅಂದರು, ಅದನ್ನು ಬರೆಯಲಾರೆ. ಆ ಬೈಗುಳವೆಲ್ಲ ನನ್ನದು. ನಾನು ಅದರ ಕೆಳಗೆ ಬೆನ್ನು ತಿರುಗಿಸಿ ನಿಂತು ತುಟಿ ಪಿಟಕ್ಕೆನ್ನದೆ ಅಂಕಿ ತಿದ್ದುತ್ತಿದ್ದೆ.

ಹದಿನಾಲ್ಕು ಸುತ್ತು ಮುಗಿದಾಗ ಎರಡನೇ ನಂಬರಿನವರು 1,312 ಮತಗಳಿಂದ ಗೆದ್ದರು. ಜಿಲ್ಲೆ ಮೂರು ಎರಡು. ಸೋತವರ ಕಡೆಯವರು ದೂರು ಕೊಟ್ಟರು. ಒಳಗಿನ ಕಾಗದಗಳೆಲ್ಲ ಸರಿ ಇದ್ದವು, ಫಲಿತಾಂಶ ನಿಂತಿತು. ಆದರೆ ದೂರು ಬಂದ ಮೇಲೆ ಕಚೇರಿಗೆ ಒಂದು ಬಲಿ ಬೇಕಲ್ಲ? ಅಕ್ಕನಿಗೆ ನೋಟೀಸು ಹೋಯಿತು. ಅವರು ಒಂದೇ ಸಾಲಿನ ಉತ್ತರ ಬರೆದುಕೊಟ್ಟರು: ಓದುವಾಗ ನನ್ನಿಂದ ತಪ್ಪಾಗಿದೆ.

ನಾನು ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಇದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ನನ್ನಂಥ ಹೇಡಿ ಇನ್ನೊಬ್ಬನಿಲ್ಲ. ಎಂಟು ವರ್ಷ ತಾತ್ಕಾಲಿಕ ಮೇಷ್ಟ್ರಾಗಿ ದುಡಿದಿದ್ದೆ, ಖಾಯಂ ಆದೇಶ ಅದೇ ತಿಂಗಳು ಸಹಿಗೆ ಹೋಗಿತ್ತು. ಚುನಾವಣೆ ಕೆಲಸದಲ್ಲಿ ಎಡವಿದ ತಾತ್ಕಾಲಿಕನಿಗೆ ಯಾರು ಸಹಿ ಹಾಕುತ್ತಾರೆ? ಹನ್ನೆರಡನೇ ದಿನ ತಡೆಯಲಾರದೆ ಅಕ್ಕನ ಮನೆಗೆ ಹೋದೆ. ಯಜಮಾನರು ಮುಂದಿನ ಕೋಣೆಯಲ್ಲಿ ಗಡಿಯಾರವೊಂದರ ಹೊಟ್ಟೆ ಬಗೆಯುತ್ತಿದ್ದರು. ಅಕ್ಕ ಕಿಟಕಿ ಹತ್ತಿರ ಕೂತು ಬಟ್ಟೆ ಮಡಚುತ್ತಿದ್ದರು.

"ಅಕ್ಕಾ, ತಪ್ಪು ನಂದು. ನಾಳೆ ಆಫೀಸಿಗೆ ಬರೆದು ಕೊಡ್ತೀನಿ."

"ಏನಂತ ಬರೀತೀರಿ? ಮೂರನ್ನ ಒರೆಸ್ಲಿಲ್ಲ ಅಂತಾನಾ?"

ನಾನು ಬೆಪ್ಪಾದೆ. "ನಿಮ್ಗೆ ಹೇಗೆ ಗೊತ್ತಾಯ್ತು? ನೀವು ಒಳಗಿದ್ರಲ್ಲ!"

"ಖುಷಿಯ ಕೂಗು ಬಲಗಡೆಯಿಂದ ಬರ್ಬೇಕಿತ್ತು, ಎಡಗಡೆಯಿಂದ ಬಂತು. ಮೂವತ್ತೆಂಟು ಹೋಗಿ ನಲವತ್ತೊಂದು ಆಗಿದೆ, ಬರೆಯೋನು ಸೋಮಾರಿ. ಇಷ್ಟು ಗೊತ್ತಾಗೋಕೆ ಕಣ್ಣು ಬೇಕಾ?"

"ಆದ್ರೆ ನಿಮ್ಮ ಮೇಲ್ಯಾಕೆ ಹಾಕ್ಕೊಂಡ್ರಿ ಅಕ್ಕಾ?"

"ಸ್ವಲ್ಪ ಯೋಚ್ನೆ ಮಾಡಿ ಮೇಷ್ಟ್ರೇ. ನಾನು ಎರಡು ಗೇಟು, ಅರವತ್ತು ಪೊಲೀಸ್ರು, ಅವರ ಹಿಂದೆ ಕೂತಿದ್ದೆ. ನೀವು ಸ್ಟೂಲ್ ಮೇಲೆ ನಿಂತಿದ್ರಿ. ದನಿಗೆ ಯಾರಾದ್ರೂ ಹೊಡೆಯೋಕಾಗುತ್ತಾ?"

ನನಗೆ ಅಳು ಬಂತು. ಅಳಬಾರದೆಂದು ಗೋಡೆಯ ಮೇಲಿದ್ದ ಹತ್ತು ಹನ್ನೆರಡು ಗಡಿಯಾರಗಳನ್ನು ನೋಡಿದೆ, ಒಂದೊಂದರಲ್ಲೂ ಒಂದೊಂದು ಗಂಟೆ. ಅಕ್ಕ ದನಿ ತಗ್ಗಿಸಿದರು. "ಈಗ ಬರೆದು ಕೊಟ್ರೆ ನಿಮ್ಮ ಕೆಲ್ಸ ಹೋಗುತ್ತೆ. ನಂದು ಹೋಗಲ್ಲ, ನಾನು ಬೈಸ್ಕೋತೀನಿ ಅಷ್ಟೆ. ಎಕ್ಸ್‌ಚೇಂಜಲ್ಲಿ ಬೈಸ್ಕೊಂಡು ಬೈಸ್ಕೊಂಡು ನನ್ನ ಕಿವಿ ಗಟ್ಟಿಯಾಗಿದೆ. ನಾನು ರಿಟೈರ್ ಆಗೋವರ್ಗೂ ಉಸಿರೆತ್ತಬಾರ್ದು. ಇನ್ನೊಂದ್ಸಲ. ಉಸಿರೆತ್ತಬಾರ್ದು."

ಯಜಮಾನರು ಭೂತಗನ್ನಡಿ ತೆಗೆದರು. "ಮೂವತ್ತು ವರ್ಷದಲ್ಲಿ ಇವ್ಳು ತಪ್ಪೊಪ್ಪಿಕೊಂಡಿದ್ದು ಇದೊಂದೇ ಸಲ ಕಣಪ್ಪಾ. ಅದೂ ಮಾಡದೆ ಇರೋ ತಪ್ಪು!"

ಆ ತಿಂಗಳ ಕೊನೆಗೆ ನನ್ನ ಖಾಯಂ ಆದೇಶ ಬಂತು. ಅದಾದ ಸ್ವಲ್ಪ ದಿನಕ್ಕೆ ಮಗಳು ಹುಟ್ಟಿದಳು. ಬಾಡಿಗೆಯ ಒಂದು ಕೋಣೆಯಿಂದ ಎರಡು ಕೋಣೆಗೆ ಹೋದೆವು. ಕಿಟಕಿಯ ಕೆಳಗೆ ಮಗಳಿಗೊಂದು ಪುಟ್ಟ ಮೇಜು ಹಾಕಿದ ದಿನ ಹೆಂಡತಿ ಹೇಳಿದಳು, "ಇದು ಅಕ್ಕ ಕೊಟ್ಟಿದ್ದು ಅಂತ ಇಟ್ಕೊಳ್ಳಿ." ಇಟ್ಟುಕೊಂಡೆ. ಅನ್ನ, ಸೂರು, ಮಗಳ ಮೇಜು, ಎಲ್ಲವೂ ಅವರ ಋಣ ಎಂದು ಇವತ್ತಿಗೂ ನನಗೆ ಮನಸಾರೆ ಅನಿಸುತ್ತದೆ.

ಅಕ್ಕನನ್ನು ಮುಂದಿನ ಚುನಾವಣೆಗೆ ಕರೆಯಲಿಲ್ಲ. ಅವರ ಜಾಗದಲ್ಲಿ ಕೂತ ಯುವಕ ಅಂಕಿಗಳನ್ನು ಒಂದೇ ಉಸಿರಿಗೆ ಉದುರಿಸಿ ಮೈಕು ಆರಿಸಿಬಿಡುತ್ತಿದ್ದ. ಮೊದಲ ಸುತ್ತಿಗೇ ಮೈದಾನದಿಂದ ನೂರಾರು ಗಂಟಲು ಒಟ್ಟಿಗೆ ಕೂಗಿದವು: "ಇನ್ನೊಂದ್ಸಲ!" ನಾನು ಸ್ಟೂಲಿನ ಮೇಲೆ ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದೆ. ಆದರೆ ಕಚೇರಿಯಲ್ಲಿ ಗೇಲಿ ನಿಂತಿರಲಿಲ್ಲ. ಅಕ್ಕ ಟಪಾಲು ಕೊಟ್ಟರೆ ಸಾಕು, "ಇದು ಮೂವತ್ತೊಂದಾ ಅಕ್ಕಾ, ನಲವತ್ತೊಂದಾ?" ಎಂದು ಯಾರಾದರೂ ಕಣ್ಣು ಮಿಟುಕಿಸುತ್ತಿದ್ದರು. ಅಕ್ಕ ನಕ್ಕು ಮುಂದೆ ಹೋಗುತ್ತಿದ್ದರು. ಶಾಲೆಯ ಕಾಗದ ಕೊಡಲು ಹೋದಾಗ ಇದು ಕಿವಿಗೆ ಬಿದ್ದರೆ ನಾನು ಅಲ್ಲಿಂದ ಬೇಗ ಕಾಲ್ಕೀಳುತ್ತಿದ್ದೆ.

ಆ ಹನ್ನೊಂದನೇ ಸುತ್ತು ಕಳೆದು ಆರು ವರ್ಷಗಳ ನಂತರ, ಒಂದು ತಿಂಗಳ ಕೊನೆಯ ಸಂಜೆ, ಅವರ ಬೀಳ್ಕೊಡುಗೆ. ಕಚೇರಿಯ ಸಭಾಂಗಣ ತುಂಬಿತ್ತು, ಮೇಜಿನ ಮೇಲೆ ಹೂವು, ಒಂದು ಮೈಕು. ಹಿರಿಯ ಅಧಿಕಾರಿ ಅಕ್ಕನನ್ನು ಹೊಗಳಿ ಹೊಗಳಿ, ಕೊನೆಗೆ, "ಇಷ್ಟು ವರ್ಷದಲ್ಲಿ ನಮ್ಮ ಅಕ್ಕ ಎಡವಿದ್ದು ಒಂದೇ ಸಲ, ಅದು ಯಾವಾಗ ಅಂತ ನಿಮಗೆಲ್ಲ ಗೊತ್ತು," ಎಂದರು. ಸಭೆ ಘೊಳ್ಳೆಂದು ನಕ್ಕಿತು. ಅಕ್ಕನೂ ನಕ್ಕರು.

ನಾನು ಎದ್ದೆ. ಯಾರೂ ಕರೆದಿರಲಿಲ್ಲ, ನೇರ ಹೋಗಿ ಮೈಕು ಹಿಡಿದೆ. ಅಕ್ಕ ಕೂತಲ್ಲಿಂದಲೇ ಕಣ್ಣು ಕೆಕ್ಕರಿಸಿ ಗೋಡೆಯ ಗಡಿಯಾರ ತೋರಿಸಿದರು. "ಮೇಷ್ಟ್ರೇ, ಇನ್ನೂ ಐದೂವರೆ ಆಗಿಲ್ಲ. ನಾನಿನ್ನೂ ರಿಟೈರ್ ಆಗಿಲ್ಲ."

"ಹತ್ತು ನಿಮಿಷ ಮಾಫಿ ಮಾಡಿ ಅಕ್ಕಾ," ಎಂದೆ.

ಆಮೇಲೆ ಸಭೆಗೆ ಹೇಳಿದೆ. "ಹನ್ನೊಂದನೇ ಸುತ್ತಲ್ಲಿ ಅಕ್ಕ ಓದಿದ್ದು ನಾಲ್ಕು, ಒಂದು, ಎರಡು, ಸೊನ್ನೆ, ಆರು. ನಾನು ಬರೆದಿದ್ದು ಮೂರು, ಒಂದು, ಎರಡು, ಸೊನ್ನೆ, ಆರು. ತಪ್ಪು ನಂದು. ಜನ ನನ್ನನ್ನ ಹೊಡೀಬಾರ್ದು ಅಂತ ಅಕ್ಕ ಅದನ್ನ ತಮ್ಮ ಮೇಲೆ ಹಾಕ್ಕೊಂಡ್ರು. ಅವ್ರು ಯಾವತ್ತೂ ತಪ್ಪು ಓದಿಲ್ಲ."

ಅಧಿಕಾರಿಯ ಕೈ ಹೂವಿನ ಮೇಲೆ ಹಾಗೇ ನಿಂತಿತ್ತು. ನನ್ನ ದನಿ ಬಿದ್ದುಹೋಗಿತ್ತೆಂದು ಕಾಣುತ್ತದೆ, ಹಿಂದಿನ ಸಾಲಿನಿಂದ ಯಾರೋ ಕೇಳಿಸಲಿಲ್ಲ ಎಂದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಎಂದಿನ ಗಡಸು ದನಿಯಲ್ಲಿ ಹೇಳಿದರು:

"ಮೈಕ್ ಹತ್ರ ಹಿಡ್ಕೊಳ್ಳಿ ಮೇಷ್ಟ್ರೇ. ಇನ್ನೊಂದ್ಸಲ."

ನಾನು ಮೈಕು ಹತ್ತಿರ ಹಿಡಿದು, ಎಲ್ಲವನ್ನೂ ಮೊದಲಿಂದ ಹೇಳಿದೆ.